ಬ್ಯಾಂಕಣ್ಣನ ಸಿನಿಮಾ

ಬೆಚ್ಚಿ ಬೀಳುವುದು ನನ್ನ ನೌಕರಿಯ ಒಂದು ಭಾಗವೇ ಆಗಿತ್ತು. ಸರ್ಕಾರ ಅದಕ್ಕೆ ಬೇರೆ ಭತ್ಯೆ ಕೊಡುತ್ತಿರಲಿಲ್ಲ, ಅಷ್ಟೇ.

ಚಿತ್ರದುರ್ಗದಲ್ಲಿ ನಮ್ಮ ಪ್ರಚಾರದ ಆಫೀಸು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನನ್ನ ತಿರುಗಾಟದ ಸೀಮೆ. ಒಂದು ಹಳೆಯ ವ್ಯಾನಿನಲ್ಲಿ ಪ್ರೊಜೆಕ್ಟರು, ಪರದೆ, ಮೈಕು ಹೇರಿಕೊಂಡು ಊರೂರಿಗೆ ಹೋಗುವುದು, ಗೊಬ್ಬರದ ಸಿನಿಮಾ, ಸಿಡುಬಿನ ಸಿನಿಮಾ, ಕುಟುಂಬ ಯೋಜನೆಯ ಸಿನಿಮಾ ತೋರಿಸುವುದು, ಪರದೆ ಸುತ್ತಿಕೊಂಡು ಬರುವುದು. ಹೇಳಿದರೆ ಇಷ್ಟೇ ಕೆಲಸ. ಆದರೆ ನಮ್ಮ ಜನ ಒಂದು ಸಲವಾದರೂ ನಾನು ಹೋದ ಹಾಗೇ ವಾಪಸು ಬರಲು ಬಿಟ್ಟಿದ್ದರೆ ಕೇಳಿ. ಬಿ.ಎ.ಯಲ್ಲಿ ಕನ್ನಡ, ಚರಿತ್ರೆ, ರಾಜಕೀಯ ಎಲ್ಲ ಓದಿದ್ದೆ. ಮನುಷ್ಯರ ಬಗ್ಗೆ ಒಂದು ಪಾಠವೂ ಇರಲಿಲ್ಲ ಅನ್ನುವುದು ವ್ಯಾನು ಹತ್ತಿದ ಮೇಲೆ ಗೊತ್ತಾಯಿತು.

ಅದರಲ್ಲೂ ಆ ಬ್ಯಾಂಕಣ್ಣನ ಸಿನಿಮಾದ ವಿಷಯ! ಇವತ್ತಿಗೂ ನೆನೆಸಿಕೊಂಡರೆ ಒಮ್ಮೆ ಎದೆ ಝಲ್ ಅನ್ನುತ್ತದೆ, ಆಮೇಲೆ ಹೊಟ್ಟೆ ಕುಣಿಯುತ್ತದೆ.

ಪಂಪು ಹೊಡೆಯುತ್ತಿದ್ದವರು

ಎಪ್ಪತ್ತರ ದಶಕದ ನಡುವಿನ ಮಾತು. ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಬಂದರು. ಪುಣೆಯಲ್ಲಿ ಸಿನಿಮಾ ಓದಿದವರು. ಗಡ್ಡ, ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ. ಹೊಸದುರ್ಗದ ಕಡೆ ಹಿಂದೆ ಬ್ಯಾಂಕು ದರೋಡೆ ಮಾಡಿ, ಜೈಲು ಮುಗಿಸಿ ಬಂದವನೊಬ್ಬ ಇದ್ದಾನಂತೆ. ಅವನ ನಿಜಜೀವನದ ಮೇಲೆ ಸರ್ಕಾರದ ವತಿಯಿಂದ ಚಿತ್ರ ತೆಗೆಯಬೇಕಂತೆ. ವ್ಯಾನು ಮತ್ತು ನಾನು ಜೊತೆಗೆ ಹೋಗಬೇಕಂತೆ.

ದಾರಿಯುದ್ದಕ್ಕೂ ನಿರ್ದೇಶಕರು ವರ್ಣಿಸಿದರು. "ಅವನ ಕಣ್ಣಲ್ಲಿ ಬೆಂಕಿ ಇರಬೇಕು. ಮುಖದ ಮೇಲೆ ಗಾಯದ ಗುರುತು. ಸಮಾಜದ ಮೇಲಿನ ರೋಷ ಒಂದೊಂದು ಮಾತಲ್ಲೂ ಸಿಡಿಯಬೇಕು." ನಾನು ಮೆಲ್ಲಗೆ ವಾಚು ಬಿಚ್ಚಿ ಕಾಲುಚೀಲದೊಳಗೆ ಇಳಿಸಿದೆ.

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ: "ಇಲ್ಲಿ... ಬ್ಯಾಂಕು ದರೋಡೆ ಮಾಡಿದ ಒಬ್ಬರು..."

ಅವನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ, "ಯಾರು, ನಮ್ ಬ್ಯಾಂಕಣ್ಣನಾ? ಅಗಾ, ಅಲ್ಲಿ ಸೈಕಲ್ ಶಾಪ್ ಕಾಣ್ತೈತಲ್ಲ, ಅದೇಯ. ಬಾಳ ಒಳ್ಳೇ ಮನುಷ್ಯ, ಹೋಗ್ರಿ ಹೋಗ್ರಿ" ಅಂದ.

ಸೈಕಲ್ ಶಾಪಿನಲ್ಲಿ ಹಣೆಗೆ ವಿಭೂತಿ ಬಳಿದುಕೊಂಡ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡ, ಗಾಳಿ ಬಂದರೆ ಹಾರಿಹೋಗುವಂಥ ಒಬ್ಬರು ಪಂಪು ಹೊಡೆಯುತ್ತಿದ್ದರು. ಪ್ರೈಮರಿ ಶಾಲೆಯ ಮೇಷ್ಟ್ರ ಹಾಗಿದ್ದರು. ನಿರ್ದೇಶಕರು ಅತ್ತಿತ್ತ ನೋಡಿ, "ಯಜಮಾನರೇ, ನಿಮ್ಮ ಮಗ ಇದ್ದಾರಾ?" ಅಂದರು.

"ನಂಗೆ ಇರಾದು ಒಬ್ಳೇ ಮಗಳು ಸಾರ್. ಬ್ಯಾಂಕು ಹೊಡ್ದಿದ್ದು ನಾನೇಯ. ಬರ್ರಿ, ಕುಂತ್ಕಳ್ರಿ."

ನಿರ್ದೇಶಕರು ಕೂರಲಿಲ್ಲ, ಕುಸಿದರು. ಬ್ಯಾಂಕಣ್ಣ ನಮ್ಮ ವ್ಯಾನಿನ ಕಡೆ ಕಣ್ಣು ಹಾಯಿಸಿ, "ಆ ಕ್ಯಾಮ್ರ ಹಂಗೆ ಹೊರಗಿಡಬ್ಯಾಡ್ರಿ ಸಾರ್. ಬಸ್ ಸ್ಟ್ಯಾಂಡು, ಕಳ್ಳರು ಜಾಸ್ತಿ" ಅಂತ ತಾವೇ ಎತ್ತಿ ಒಳಗೆ ತಂದಿಟ್ಟರು.

ಸಿನಿಮಾ ಅಂದ ಕೂಡಲೇ ಒಪ್ಪಿದರು. ಒಂದೇ ಷರತ್ತು. ಮಗಳಿಗೆ ಎಲ್ಲೂ ಸಂಬಂಧ ಕೂಡುತ್ತಿರಲಿಲ್ಲ. ಬಂದವರೆಲ್ಲ ಉಪ್ಪಿಟ್ಟು ತಿಂದು, ಹುಡುಗಿ ಲಕ್ಷಣವಾಗಿದಾಳೆ ಅಂದು, ಅಪ್ಪ ಜೈಲಿಗೆ ಹೋಗಿ ಬಂದವನು ಅಂತ ಗೊತ್ತಾದ ಮರುಗಳಿಗೆ ಚಪ್ಪಲಿ ಹುಡುಕುತ್ತಿದ್ದರು. "ಮಾಡಿದ್ದು ತಪ್ಪು, ಅನುಭವ್ಸಿದೀನಿ. ಈಗ ನೆಟ್ಟಗೆ ಬದುಕ್ತಾ ಇದೀನಿ ಅಂತ ಸಿನಿಮಾದ ಕೊನೇಲಿ ಒಂದು ಮಾತು ಹೇಳ್ರಿ ಸಾರ್. ನಾನೇ ಹೇಳಿದ್ರೆ ಯಾರ್ ನಂಬ್ತಾರೆ? ಸರ್ಕಾರ ಹೇಳಿದ್ರೆ ಜನ ನಂಬ್ತಾರೆ."

ನಾನು ಅಷ್ಟು ವರ್ಷದಿಂದ ಸರ್ಕಾರದ ಪ್ರಚಾರವನ್ನೇ ಮಾಡಿಕೊಂಡು ಬಂದವನು. ಇಂಥದೊಂದು ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಊರಿಗೆ ಊರೇ ಹಾಲುರಾಮೇಶ್ವರಕ್ಕೆ

ದರೋಡೆ ನಡೆದದ್ದು ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ. ಬ್ಯಾಂಕಣ್ಣನನ್ನೂ ಕೂರಿಸಿಕೊಂಡು ಅಲ್ಲಿಗೆ ಹೋದೆವು. ಊರ ಮುಂದೆ ವ್ಯಾನು ನಿಲ್ಲಿಸಿ ನಾನು ಮೈಕು ಹಿಡಿದೆ. ಕಾಲೇಜಿನ ಕನ್ನಡ ಎಲ್ಲ ಒಟ್ಟಿಗೆ ಉಕ್ಕಿತು. "ಮಹಾಜನಗಳೇ! ತಮ್ಮ ಗ್ರಾಮದಲ್ಲಿ ಸಂಭವಿಸಿದ ಬ್ಯಾಂಕ್ ದರೋಡೆಯನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತಯಾರಿಸಲಾಗುವುದು. ಪ್ರತ್ಯಕ್ಷ ಕಂಡವರು ದಯಮಾಡಿ ಮುಂದೆ ಬರಬೇಕು."

ಹೇಳಿ ಮುಗಿಸಿ ತಲೆ ಎತ್ತುತ್ತೇನೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ! ಧಡಧಡ ಅಂತ ಬಾಗಿಲು ಹಾಕಿಕೊಂಡ ಸದ್ದು. ಅರಳಿಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದವರು ಕಾಯಿ ಬಿಟ್ಟು ಎದ್ದುಹೋಗಿದ್ದರು. ನನಗೆ ಗಾಬರಿಯಾಯಿತು. ಸಿಡುಬಿನ ಚುಚ್ಚುಮದ್ದು ಅಂದಾಗಲೂ ಜನ ಇಷ್ಟು ಬೇಗ ಮಾಯವಾಗಿರಲಿಲ್ಲ.

ಮಂಡಿನೋವಿನಿಂದ ಓಡಲಾಗದೆ ಉಳಿದ ಒಬ್ಬ ಅಜ್ಜ ಸಿಕ್ಕಿದರು. "ಅಜ್ಜಾ, ನೀವು ನೋಡಿದ್ರಾ?"

"ನಾನಾ? ಅವತ್ತು ನಾನು ಊರಾಗೇ ಇರ್ಲಿಲ್ಲ ಸ್ವಾಮಿ. ಹಾಲುರಾಮೇಶ್ವರಕ್ಕೆ ಹೋಗಿದ್ದೆ."

ಪಕ್ಕದ ಮನೆಯ ಕಿಟಕಿಯಿಂದ ಇನ್ನೊಂದು ದನಿ: "ನಾನೂ ಅಜ್ಜನ ಜೊತೇಗೇ ಹೋಗಿದ್ದೆ."

ಬಾಗಿಲ ಸಂದಿಯಿಂದ ಹೆಂಗಸರ ದನಿ: "ನಾವೂನೂವೆ!"

ನಿರ್ದೇಶಕರು, "ಅಲ್ರೀ, ಊರಿಗೆ ಊರೇ ಹಾಲುರಾಮೇಶ್ವರಕ್ಕೆ ಹೋಗಿತ್ತಾ?" ಅಂದರು. ಅಜ್ಜ ಕೈ ಮುಗಿದು, "ಹ್ಞೂ ಸ್ವಾಮಿ. ಭಕ್ತಿ ಜಾಸ್ತಿ ನಮ್ಮೂರಿಗೆ" ಅಂದರು.

ವ್ಯಾನಿನೊಳಗಿದ್ದ ಬ್ಯಾಂಕಣ್ಣನಿಗೆ ತಡೆಯಲಾಗಲಿಲ್ಲ. ಕೆಳಗಿಳಿದು ಬಂದವರೇ, "ಯಾಕಜ್ಜ ಸುಳ್ಳು ಹೇಳ್ತೀಯ? ಇದೇ ಕಟ್ಟೆ ಮ್ಯಾಲೆ ಕುಂತಿದ್ದಿ. ಹೊಸದುರ್ಗದ ಬಸ್ಸು ಎಷ್ಟೊತ್ತಿಗೆ ಅಂತ ನಾನು ಕೇಳಿದ್ದಕ್ಕೆ, 'ಈಗ ಬರ್ತೈತೆ, ಓಡಬ್ಯಾಡ, ಎಡವಿ ಬೀಳ್ತೀಯ' ಅಂದಿರ್ಲಿಲ್ವ?" ಅಂದರು.

ಅಜ್ಜ ತಗ್ಗಿದ ದನಿಯಲ್ಲಿ, "ಲೇ, ಹೌದು ಕಣೋ. ಆದ್ರೆ ಸಾಕ್ಷಿ ಅಂತಾರಲ್ಲೋ! ನಮ್ಮಪ್ಪ ಒಂದು ಬೇಲಿ ಜಗಳದಾಗೆ ಸಾಕ್ಷಿ ಹೇಳಿ ಚಿತ್ರದುರ್ಗದ ಕೋರ್ಟಿಗೆ ಸಾಯಾತನಕ ಅಲೆದ. ಇವರು ಬೇರೆ ಸಾಕ್ಷಿ ಹೇಳಿದ್ದನ್ನ ಚಿತ್ರ ತಗಂಡು ಇಟ್ಕಂತಾರಂತೆ. ಆಮೇಲೆ ತಪ್ಪಿಸ್ಕಣಾಕಾಗ್ತೈತಾ?" ಅಂದರು.

ಸಾಕ್ಷ್ಯಚಿತ್ರ ಅನ್ನುವ ಮಾತನ್ನು ಅದೆಷ್ಟು ಸಲ ಬರೆದಿದ್ದೆನೋ. ಅದರೊಳಗೊಂದು ಕೋರ್ಟು ಇದೆ ಅಂತ ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಇಡೀ ಊರಿನಲ್ಲಿ ಸತ್ಯವಾದ ಸಾಕ್ಷಿ ಹೇಳಲು ತಯಾರಿದ್ದವನು ಒಬ್ಬನೇ, ಕಳ್ಳ!

ಮತ್ತೆ ಮೈಕು ಹಿಡಿದೆ. "ಸಾಕ್ಷಿ ಗೀಕ್ಷಿ ಏನಿಲ್ರಪ್ಪಾ, ಇದು ಸಿನಿಮಾ!" ಅಂದೆ. ಬಾಗಿಲೆಲ್ಲ ಒಟ್ಟಿಗೆ ತೆರೆದವು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಊರೇ ಸಾಲುಗಟ್ಟಿತು. ಎಲ್ಲರೂ ಕಣ್ಣಾರೆ ಕಂಡವರೇ. ಅದರಲ್ಲೂ ಅತ್ಯಂತ ವಿವರವಾಗಿ, ಅಭಿನಯ ಸಮೇತ ಹೇಳಿದವಳು ಒಬ್ಬ ಸೊಸೆ. ಅವಳು ಮದುವೆಯಾಗಿ ಆ ಊರಿಗೆ ಬಂದದ್ದು ದರೋಡೆಯಾದ ಎಷ್ಟೋ ಕಾಲದ ಮೇಲೆ ಅಂತ ಅವಳ ಅತ್ತೆ ಆಮೇಲೆ ಹೇಳಿದರು.

ಕಿಟಕಿ ಪಕ್ಕದ ಸೀಟು

ಬ್ಯಾಂಕಣ್ಣನನ್ನು ಕಟ್ಟೆಯ ಮೇಲೆ ಕೂರಿಸಿ ಕ್ಯಾಮೆರಾ ಹಚ್ಚಿದರು. ನಿರ್ದೇಶಕರು ದನಿ ಗಂಭೀರ ಮಾಡಿಕೊಂಡು ಕೇಳಿದರು: "ಹೇಳಿ, ದರೋಡೆಗೆ ನಿಮ್ಮನ್ನು ದೂಡಿದ್ದು ಏನು? ಹಸಿವೋ? ವ್ಯವಸ್ಥೆಯ ಮೇಲಿನ ಸಿಟ್ಟೋ?"

"ನಾಚ್ಕೆ ಸಾರ್."

"ಏನು?"

"ಹಿಂದಿನ ದಿನ ಸೈಕಲ್ ಶಾಪು ಇಡಾಕೆ ಸಾಲ ಕೇಳಾನ ಅಂತ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಮುಂದೆ ನಿಂತ್ರೆ ನಾಚ್ಕೆ, ಬಾಯೇ ಬರ್ಲಿಲ್ಲ. ಟೈಮೆಷ್ಟು ಸಾರ್ ಅಂತ ಕೇಳಿ ವಾಪಸ್ ಬಂದೆ. ಮುಖಕ್ಕೊಂದು ಟವೆಲ್ ಕಟ್ಕಂಡ್ರೆ ಅಷ್ಟು ನಾಚ್ಕೆ ಆಗಲ್ಲ ಅನ್ನಿಸ್ತು."

ಟವೆಲು ಕಟ್ಟಿಕೊಂಡು, ತಗಡಿನ ಆಟದ ಪಿಸ್ತೂಲು ಹಿಡಿದು ಮಾರನೆಯ ದಿನ ಹೋದರಂತೆ. ಚೀಲ ತುಂಬಿಕೊಂಡು, ಬ್ಯಾಂಕಿನ ಹಿಂದೆ ಟವೆಲು ಬಿಚ್ಚಿ, ಬಸ್ಸು ಹತ್ತಿ ಕೂತರಂತೆ. ಆದರೆ ಬಸ್ಸು ಹೊರಡಬೇಕಲ್ಲ! ನಮ್ಮ ಕಡೆಯ ಖಾಸಗಿ ಬಸ್ಸುಗಳು ಆಗಿನ ಕಾಲದಲ್ಲಿ ಸೀಟು ತುಂಬದೆ ಅಲ್ಲಾಡುತ್ತಿರಲಿಲ್ಲ. ಡ್ರೈವರು ಬೀಡಿ ಹಚ್ಚಿಕೊಂಡು ಕೂತಿದ್ದ. ಬ್ಯಾಂಕಣ್ಣನ ಕಾಲ ಕೆಳಗೆ ಚೀಲ. ಕೊನೆಗೆ ತಾವೇ ಫುಟ್‌ಬೋರ್ಡಿನ ಮೇಲೆ ನಿಂತು, "ಹೊಸದುರ್ಗ! ಹೊಸದುರ್ಗ! ಬರ್ರಿ, ಬೇಗ ಬರ್ರಿ!" ಅಂತ ಕೂಗಿ ಜನ ತುಂಬಿಸಿದರಂತೆ. ಇನ್ನೊಂದೇ ಸೀಟು ಬಾಕಿ. ಅಷ್ಟರಲ್ಲಿ ಒಬ್ಬರು ಏದುಸಿರು ಬಿಡುತ್ತ ಓಡಿಬಂದು ಹತ್ತಿದರು.

ಬ್ಯಾಂಕಿನ ಮ್ಯಾನೇಜರು! ಬ್ಯಾಂಕಿಗೆ ಇನ್ನೂ ಫೋನು ಬಂದಿರಲಿಲ್ಲ. ದೂರು ಕೊಡಲು ಅವರೂ ಹೊಸದುರ್ಗಕ್ಕೇ ಹೋಗಬೇಕು, ಅದೇ ಬಸ್ಸಿನಲ್ಲಿ. ಖಾಲಿ ಇದ್ದದ್ದು ಬ್ಯಾಂಕಣ್ಣನ ಪಕ್ಕದ ಸೀಟು.

"ನಾನು ಹೆದರ್ಕಂಡು ಮುಖ ತಿರುಗಿಸ್ದೆ ಸಾರ್. ಆದ್ರೆ ಅವರು ಅಳಾಕೆ ಹಿಡಿದ್ರು. ಪಾಪ ಅನ್ನಿಸ್ತು. ಗಾಳಿ ಬರ್ಲಿ ಅಂತ ಕಿಟಕಿ ಪಕ್ಕ ಬಿಟ್ಟುಕೊಟ್ಟೆ. 'ಸಮಾಧಾನ ಮಾಡ್ಕಳ್ರಿ ಸಾರ್' ಅಂದೆ. ಅವರು, 'ಏನ್ ಸಮಾಧಾನ ಮಾಡ್ಕಳ್ಲಪ್ಪಾ, ಆ ಪಾಪಿ ಒಂದು ಪೈಸಾನೂ ಬಿಡದಂಗೆ ಬಳ್ಕಂಡು ಹೋದ' ಅಂದ್ರು."

"ನೀವೇನಂದ್ರಿ?"

"ನಂಗೆ ಸಿಟ್ಟು ಬಂತು ಸಾರ್. ಇಲ್ದಿದ್ದು ಯಾಕೆ ಹೇಳಬೇಕು? 'ಏನ್ ಸಾರ್ ಹಿಂಗಂತೀರಾ, ಚಿಲ್ಲರೆ ಡಬ್ಬ ಅಲ್ಲೇ ಬಿಟ್ಟು ಬಂದಿದೀನಲ್ಲ!' ಅಂದೆ."

ಹಿರಿಯೂರಿನ ಸುಳ್ಳು ಬ್ಯಾಂಕು

ದರೋಡೆಯ ದೃಶ್ಯವನ್ನು ಮತ್ತೆ ಮಾಡಿ ತೋರಿಸಬೇಕು ಅಂತ ನಿರ್ದೇಶಕರ ಹಟ. ನಿಜವಾದ ಬ್ಯಾಂಕಿನವರು ಒಳಗೆ ಬಿಡಲಿಲ್ಲ. ಅವರು ಬಿಟ್ಟಿದ್ದರೆ ನನಗೇ ಭಯವಾಗುತ್ತಿತ್ತು. ಹಿರಿಯೂರಿನಲ್ಲಿ ಒಂದು ಖಾಲಿ ಅಂಗಡಿ ಹಿಡಿದು, ಮೇಜು, ಜಾಲರಿ, ಕಬ್ಬಿಣದ ಪೆಟ್ಟಿಗೆ ಜೋಡಿಸಿ, ಮೇಲೆ 'ಬ್ಯಾಂಕು' ಅಂತ ದೊಡ್ಡ ಬೋರ್ಡು ತೂಗುಹಾಕಿದೆವು.

ಕಳ್ಳನ ಪಾತ್ರಕ್ಕೆ ಒಬ್ಬ ನಾಟಕ ಕಂಪನಿಯ ನಟ ಬಂದ. ಗುಡಾಣದಂಥ ಮೈ, ಕಿವಿ ಮುಟ್ಟುವ ಮೀಸೆ. ನಿರ್ದೇಶಕರ ಮುಖ ಅವತ್ತು ಅರಳಿತು. ಮ್ಯಾನೇಜರ್ ಪಾತ್ರಕ್ಕೆ ಒಪ್ಪಿದ್ದ ಹಿರಿಯೂರಿನ ಒಬ್ಬ ಮೇಷ್ಟ್ರು ಆ ಮೀಸೆ ನೋಡಿದವರೇ ಹೊಟ್ಟೆನೋವು ಅಂತ ಹೊರಟುಹೋದರು. ಆ ಪಾತ್ರಕ್ಕೆಂದು ತಂದಿದ್ದ ಕೋಟು ಇನ್ಯಾರ ಮೈಗೂ ಆಗಲಿಲ್ಲ. ಬ್ಯಾಂಕಣ್ಣನಿಗೆ ಸರಿಯಾಗಿ ಕೂತಿತು.

"ನೀವು ಮ್ಯಾನೇಜರ್ ಆಗ್ತೀರಾ?" ಅಂದರೆ, "ಆಗ್ತೀನಿ ಸಾರ್. ಅವರ ಮುಖ ಅವತ್ತು ಹೆಂಗಾಗಿತ್ತು ಅಂತ ನನ್ನಷ್ಟು ಚೆನ್ನಾಗಿ ಇನ್ಯಾರು ನೋಡಿದಾರೆ?" ಅಂದರು.

ತಾಲೀಮು ಶುರುವಾಯಿತು. ನಟ ಬಾಗಿಲು ಒದ್ದು ಬಂದು, "ಎಲವೋ ಧನಪಿಶಾಚಿ! ಕೊಡು ಖಜಾನೆಯ ಬೀಗದ ಕೈ!" ಅಂತ ಅಬ್ಬರಿಸಿದ. ಬ್ಯಾಂಕಣ್ಣ ಕಿವಿ ಮುಚ್ಚಿಕೊಂಡು, "ಹಿಂಗೆ ಕೂಗಿದ್ರೆ ಪಕ್ಕದ ಅಂಗಡಿಯೋರು ಬರಲ್ವೇನ್ರಿ? ನಾನು 'ತೊಂದ್ರೆ ಇಲ್ದಿದ್ರೆ ಸ್ವಲ್ಪ ಕೈ ಮೇಲೆತ್ರಿ ಸಾರ್' ಅಂದಿದ್ದೆ" ಅಂದರು. ನಟನಿಗೆ ಅವಮಾನವಾಯಿತು. "ಇಪ್ಪತ್ತು ವರ್ಷದಿಂದ ರಾಕ್ಷಸನ ಪಾರ್ಟು ಮಾಡಿದೀನಿ, ನನಗೆ ಕಳ್ಳತನ ಹೇಳಿಕೊಡ್ತೀರಾ?" ಅಂತ ರೇಗಿದ.

ಕೊನೆಗೆ ಕ್ಯಾಮೆರಾ ತಿರುಗಲು ಶುರುವಾಯಿತು. ಅದೇ ಗಳಿಗೆಗೆ ಒಬ್ಬ ಅಜ್ಜಿ ಸರಸರ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಬ್ಯಾಂಕಣ್ಣನ ಮುಂದೆ ಇಟ್ಟುಬಿಟ್ಟಳು! "ಇಟ್ಕಳಪ್ಪ. ಹೊಸ ಬ್ಯಾಂಕು ಬಂದೈತೆ ಅಂದ್ರು."

ಬ್ಯಾಂಕಣ್ಣ ಬಿಳಿಚಿಕೊಂಡರು. "ಅಯ್ಯಯ್ಯೋ, ತಗಂಡ್ಹೋಗಜ್ಜೀ! ಇದು ಸುಳ್ಳು ಬ್ಯಾಂಕು! ನಾನು ಮ್ಯಾನೇಜರ್ ಅಲ್ಲ, ಕಳ್ಳ!"

"ತಮಾಷೆ ಮಾಡಬ್ಯಾಡ ಸುಮ್ಕಿರು. ಮುಖ ನೋಡಿದ್ರೆ ಗೊತ್ತಾಗಲ್ವ ನಂಗೆ" ಅಂದಳು ಅಜ್ಜಿ.

ನಟನಿಗೆ ಇದೊಂದೂ ಗೊತ್ತಿಲ್ಲ. ಬಾಗಿಲು ಒದ್ದ, ಪಿಸ್ತೂಲು ಝಳಪಿಸಿದ, "ಎಲವೋ ಧನಪಿಶಾಚಿ!" ಅಂದ. ಅಜ್ಜಿಯ ಎದೆ ಒಡೆದರೆ ಗತಿಯೇನು? ಅಜ್ಜಿ ನಿಧಾನವಾಗಿ ಹಿಂದೆ ತಿರುಗಿದಳು. ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಲೇ ಗೂಳಿ, ನಾನು ಮೊದ್ಲು ಬಂದಿರಾದು. ಹಿಂದೆ ನಿಂತ್ಕ."

ಇಪ್ಪತ್ತು ವರ್ಷದ ರಾಕ್ಷಸ ಪಿಸ್ತೂಲು ಕಂಕುಳಲ್ಲಿಟ್ಟುಕೊಂಡು ಹಿಂದೆ ನಿಂತ.

ಗಂಡಿನ ಕಡೆಯವರು

ಕೆಲವು ತಿಂಗಳ ಮೇಲೆ ಚಿತ್ರ ಸಿದ್ಧವಾಗಿ ಬಂತು. ಹೊಸದುರ್ಗದಲ್ಲೇ ಮೊದಲು ತೋರಿಸುವುದು ಅಂತಾಯಿತು. ಬ್ಯಾಂಕಣ್ಣ ಓಡಿಬಂದು ನನ್ನ ಕೈ ಹಿಡಿದುಕೊಂಡರು. ಹೊಳಲ್ಕೆರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಮಗಳೂ ಅವನನ್ನು ಹಿಂದೆ ಒಂದು ಮದುವೆಮನೆಯಲ್ಲಿ ನೋಡಿ ಒಪ್ಪಿದ್ದಳು. "ಇದು ತಪ್ಪೋದ್ರೆ ನನ್ ಮಗಳು ಇನ್ಯಾರ ಮುಂದೂ ಬಂದು ಕೂರಲ್ಲ ಅಂದೌಳೆ ಸಾರ್. ಅವತ್ತೇ ಹೆಣ್ಣು ನೋಡಾಕೆ ಬರ್ರಿ ಅಂತ ಹೇಳ್ಕಳ್ಸಿದೀನಿ. ಸಿನಿಮಾ ನೋಡ್ಲಿ. ಎಲ್ಲಾ ತಿಳ್ಕಂಡು ಒಪ್ಪಿದ್ರೆ ಒಪ್ಪಲಿ."

ನನಗೆ ಅನುಮಾನ. ಸಂಬಂಧ ತಂದ ದಲ್ಲಾಳಿಯನ್ನು ಹಿಡಿದು, "ಅವರಿಗೆ ವಿಷಯ ಹೇಳಿದೀಯೇನಯ್ಯಾ?" ಅಂದೆ.

ದಲ್ಲಾಳಿ ಎದೆ ಮುಟ್ಟಿಕೊಂಡ. "ಒಂದು ಸುಳ್ಳು ಹೇಳಿದ್ರೆ ಕೇಳ್ರಿ ಸಾರ್. ಊರೋರು ಬ್ಯಾಂಕಣ್ಣ ಅಂತಾರೆ ಅಂದೆ. ಬ್ಯಾಂಕಲ್ಲಿ ಇದ್ರಾ ಅಂದ್ರು. ಸ್ವಲ್ಪ ಹೊತ್ತು ಇದ್ರು ಅಂದೆ. ಯಾಕ್ ಬಿಟ್ರು ಅಂದ್ರು. ಪೊಲೀಸ್ ಇಲಾಖೆಯೋರು ಬಂದು ಕರ್ಕಂಡು ಹೋದ್ರು ಅಂದೆ. 'ಓಹೋ, ಇಲಾಖೆ ಬದ್ಲಾಯ್ಸಿದ್ರಾ!' ಅಂದ್ರು. ನಾನೇನೂ ಅನ್ನಲಿಲ್ಲ. ದೂರದ ಊರಿಗೆ ಹಾಕಿದ್ರು, ಊಟ ವಸತಿ ಬಟ್ಟೆ ಎಲ್ಲಾ ಸರ್ಕಾರದ್ದೇ ಅಂದೆ. ಬಾಳ ಸಂತೋಷಪಟ್ರು."

"ಆಮೇಲೆ?"

"ಈಗ ರಿಟೈರ್ ಆಗಿದಾರಾ ಅಂದ್ರು. ಇಲ್ಲ, ನಡತೆ ಚೆನ್ನಾಗಿತ್ತು ಅಂತ ಬೇಗ ಬಿಟ್ಟುಕೊಟ್ರು ಅಂದೆ."

ಪರದೆಯ ಮುಂದೆ

ದೀಪ ಹಚ್ಚುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಪರದೆ ಕಟ್ಟಿದೆವು. ಮುಂದಿನ ಚಾಪೆಯ ಮೇಲೆ ಹುಡುಗ, ಹುಡುಗನ ಅಪ್ಪ, ಹುಡುಗನ ಅಜ್ಜಿ. ಅವರ ಪಕ್ಕ ಬ್ಯಾಂಕಣ್ಣ ಮತ್ತು ಮಗಳು. ನಟನೂ ತನ್ನನ್ನು ತಾನೇ ನೋಡಿಕೊಳ್ಳಲು ಮೀಸೆ ತಿರುವಿಕೊಂಡು ಬಂದು ಕೂತಿದ್ದ.

ಸಿನಿಮಾ ಶುರುವಾಯಿತು. ಇಂಗ್ಲಿಷು! ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿ! ಬ್ಯಾಂಕಣ್ಣ ಕಟ್ಟೆಯ ಮೇಲೆ ಕೂತು ಬಾಯಿ ಆಡಿಸುತ್ತಿದ್ದಾರೆ, ಅದರ ಮೇಲೆ ಯಾರೋ ಗಡಸು ಗಂಟಲಿನವನು ಟಸ್ಸುಪುಸ್ಸು ಅನ್ನುತ್ತಿದ್ದಾನೆ. ಕನ್ನಡದ ಪ್ರತಿ ಆಮೇಲೆ ಬರುತ್ತದೆ ಅಂತ ನಿರ್ದೇಶಕರು ಕೈ ಹಿಸುಕಿಕೊಂಡರು.

ನಾನು ಚಾಪೆಯ ಹತ್ತಿರ ಬಗ್ಗಿ, "ಇದರಲ್ಲಿ ಏನು ಹೇಳ್ತಿದಾರೆ ಅಂದ್ರೆ..." ಅಂತ ಶುರುಮಾಡಿದೆ. ಹುಡುಗನ ಅಪ್ಪ ಕೈ ಅಡ್ಡ ತಂದು, "ಸುಮ್ಕಿರ್ರಿ ಸಾರ್, ನಮಗೆಲ್ಲಾ ಅರ್ಥ ಆಗ್ತೈತೆ" ಅಂದರು.

ಅವರಿಗೆ ಅರ್ಥವಾದದ್ದು ಏನೆಂದರೆ: ಕೋಟು ಹಾಕಿಕೊಂಡ ಬ್ಯಾಂಕಣ್ಣನೇ ಮ್ಯಾನೇಜರು, ಮೀಸೆಯವನು ಕಳ್ಳ, ಕಳ್ಳ ಬಂದು ಪಾಪದ ಮ್ಯಾನೇಜರನ್ನು ಕಟ್ಟಿಹಾಕಿದ, ಮ್ಯಾನೇಜರು ಬೇಸತ್ತು ನೌಕರಿ ಬಿಟ್ಟು ಸೈಕಲ್ ಶಾಪು ಇಟ್ಟರು. ಸರ್ಕಾರವೇ ಮೆಚ್ಚಿ ಅವರ ಮೇಲೆ ಸಿನಿಮಾ ತೆಗೆಯಿತು!

ಸುತ್ತಲ ಹಳ್ಳಿಗಳಿಂದ ಬಂದಿದ್ದ ಅರ್ಧ ಬಯಲಿಗೂ ಹಾಗೇ ಅರ್ಥವಾಯಿತು ಅಂತ ಕಾಣುತ್ತದೆ. ಹಿಂದಿನಿಂದ ಯಾರೋ ಹೆಂಗಸು, "ಅಗಳೋ, ಆ ಕಳ್ಳ ಇಲ್ಲೇ ಕುಂತೌನೆ!" ಅಂದಳು. ನಟ, "ನಾನು ಕಲಾವಿದ ಕಣ್ರಮ್ಮಾ" ಅಂತ ಕೂಗುತ್ತಲೇ ಒಂದು ಚಪ್ಪಲಿ ಬಿಟ್ಟು ಹಿರಿಯೂರಿನ ಬಸ್ಸು ಹತ್ತಿದ.

ದೀಪ ಹತ್ತಿತು. ಹುಡುಗನ ಅಪ್ಪನ ಕಣ್ಣಲ್ಲಿ ನೀರು. ಬ್ಯಾಂಕಣ್ಣನ ಎರಡೂ ಕೈ ಹಿಡಿದುಕೊಂಡು, "ಎಂಥ ಕಷ್ಟಪಟ್ಟೀರಿ ಬೀಗ್ರೆ! ಇಂಥ ಮರ್ಯಾದಸ್ತರ ಮನೆ ಹೆಣ್ಣು ನಮಗೆ ಎಲ್ಲಿ ಸಿಗ್ತೈತೆ? ಎಲೆ ಅಡಿಕೆ ತರ್ರಿ, ಈಗ್ಲೇ ತಟ್ಟೆ ಬದಲಾಯ್ಸಾಣ" ಅಂದರು.

ದಲ್ಲಾಳಿ ಎಲ್ಲಿಂದಲೋ ತಟ್ಟೆ ತಂದೇಬಿಟ್ಟ. ಬ್ಯಾಂಕಣ್ಣನ ಕಿವಿಯಲ್ಲಿ, "ಬಾಯಿ ಬಿಡಬ್ಯಾಡ. ತಟ್ಟೆ ಹಿಡಿ" ಅಂದದ್ದು ನನಗೂ ಕೇಳಿಸಿತು. ಬ್ಯಾಂಕಣ್ಣ ತಟ್ಟೆ ಹಿಡಿದರು. ಮಗಳ ಕಡೆ ನೋಡಿದರು. ಅವಳು ತಲೆ ಬಗ್ಗಿಸಿಕೊಂಡೇ, ಮೆಲ್ಲಗೆ, "ಹೇಳಿಬಿಡಪ್ಪಾ. ಆಮೇಲೆ ಗೊತ್ತಾದ್ರೆ ನಾನು ಆ ಮನೇಲಿ ಹೆಂಗಿರ್ಲಿ?" ಅಂದಳು.

ಬ್ಯಾಂಕಣ್ಣ ತಟ್ಟೆ ಕೆಳಗಿಟ್ಟರು. "ಬೀಗ್ರೆ, ಆ ಮೀಸೆಯೋನು ನಾಟಕದೋನು. ಮ್ಯಾನೇಜರ್ ಬೇರೆಯೋರು. ಕಳ್ಳ ನಾನು. ಜೈಲಾಗಿದ್ದು ಬಂದೀನಿ."

ಹುಡುಗನ ಅಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಹುಡುಗ ಹುಡುಗಿಯನ್ನೇ ನೋಡುತ್ತಿದ್ದ. ದಲ್ಲಾಳಿ ಮೆಲ್ಲಗೆ ತನ್ನ ಕೊಡೆ ಹುಡುಕತೊಡಗಿದ. ಸರಿ, ಮುಗಿಯಿತು ಅಂತ ನಾನು ಕಣ್ಣು ಮುಚ್ಚಿದೆ.

ಬಂದೋಬಸ್ತು

ಆಗ ಚಾಪೆಯ ಮೂಲೆಯಿಂದ, ಅಲ್ಲಿಯತನಕ ಒಂದು ಮಾತಾಡದ ಹುಡುಗನ ಅಜ್ಜಿ ಕೇಳಿದಳು: "ಯಾವ ಜೈಲಪ್ಪಾ?"

"ಬಳ್ಳಾರಿ, ಅವ್ವಾ."

"ಬಳ್ಳಾರಿನಾ?" ಅಜ್ಜಿ ಮುಂದೆ ಮುಂದೆ ತೆವಳಿಕೊಂಡು ಬಂದಳು. "ನಮ್ ಚಿಕ್ಕೋನು ಅಲ್ಲೇ ಐದಾನಲ್ಲೋ! ನೋಡಿದೀಯೇನಪ್ಪಾ? ಎತ್ತರಕ್ಕೆ ಐದಾನೆ, ಎಡಗಡೆ ಒಂದು ಹಲ್ಲಿಲ್ಲ."

"ಅವ್ವಾ!" ಅಂತ ಕಿರುಚಿದರು ಹುಡುಗನ ಅಪ್ಪ. ತಡವಾಗಿತ್ತು. ಅವರ ತಮ್ಮ ಮಿಲ್ಟ್ರಿಯಲ್ಲಿದ್ದಾನೆ ಅಂತ ಇಡೀ ಹೊಳಲ್ಕೆರೆಗೆ ಹೇಳಿಕೊಂಡು ಬಂದಿದ್ದರಂತೆ. ದಲ್ಲಾಳಿಗೂ ಹಾಗೇ ಹೇಳಿದ್ದರಂತೆ. ದಲ್ಲಾಳಿ ಕೊಡೆ ಕೆಳಗೆ ಹಾಕಿ, "ಎಂಥ ಮೋಸದ ಜನ ಇರ್ತಾರೆ!" ಅಂತ ನೊಂದುಕೊಂಡ.

ಬ್ಯಾಂಕಣ್ಣನ ಮುಖ ಅರಳಿತು. "ಅಡಿಕೆ ಮೂಟೆ ಕೇಸಿನ ಅಣ್ಣನಾ? ಅಯ್ಯೋ, ಒಂದೇ ಬ್ಯಾರಕ್ಕವ್ವಾ ನಾವು! ನನ್ನ ಪಕ್ಕದ ಚಾಪೆ ಅವರದ್ದು."

"ಹೊಟ್ಟೆ ತುಂಬ ಹಾಕ್ತಾರೇನಪ್ಪಾ?"

"ಮುದ್ದೆ ಮಾತ್ರ ಗಂಟುಗಂಟು. ಆದ್ರೂ ನಾನು ಅಲ್ಲಿದ್ದಾಗ ಚೆನ್ನಾಗೇ ಇದ್ರು. ಸಂಜೆ ಭಜನೆಗೆ ಅವರದ್ದೇ ತಾಳ. ನಮ್ಮವ್ವ ಮುದ್ದೆ ಕಟ್ಟಿದ್ರೆ ಬೆಣ್ಣೆ ಬೆಣ್ಣೆ ಅಂತ ದಿನಾ ನಿಮ್ಮನ್ನ ನೆನೀತಿದ್ರು."

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೆಳಗಿದ್ದ ತಟ್ಟೆಯನ್ನು ತಾನೇ ಎತ್ತಿ ಮಗನ ಕೈಗೆ ತುರುಕಿ, "ಹಿಡ್ಕಳಾ. ನಮ್ ಚಿಕ್ಕೋನ ಸುದ್ದಿ ತಂದಿರಾ ಮನೆ ಇದು" ಅಂದಳು.

ಹುಡುಗನ ಅಪ್ಪ ತಟ್ಟೆಯ ಮೇಲಿನ ತೆಂಗಿನಕಾಯಿಯನ್ನು ನೆಟ್ಟಗೆ ಮಾಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಮತ್ತೆ... ಲಗ್ನ ಅವನು ಬಿಡುಗಡೆ ಆದಮೇಲೆ ಇಟ್ಕಳಾಣ. ಒಬ್ನೇ ತಮ್ಮ" ಅಂದರು.

"ಅಷ್ಟು ದಿನ ಯಾಕೆ ಕಾಯ್ತೀರಿ ಬೀಗ್ರೆ?" ಅಂದರು ಬ್ಯಾಂಕಣ್ಣ ಉತ್ಸಾಹದಿಂದ. "ಅಣ್ಣನ ಮಗನ ಮದುವೆ ಅಂದ್ರೆ ಪೆರೋಲ್ ಮೇಲೆ ಬಿಡ್ತಾರೆ. ಅರ್ಜಿ ಹೆಂಗ್ ಬರೀಬೇಕು ಅಂತ ನಂಗೆ ಗೊತ್ತು. ಲಗ್ನಪತ್ರಿಕೇಲಿ ಅವರ ಹೆಸರು ದಪ್ಪಕ್ಷರದಾಗೆ ಹಾಕ್ಸಿಬಿಡ್ರಿ, ಜೈಲ್ ಸಾಹೇಬ್ರು ಮೊದ್ಲು ನೋಡಾದೇ ಅದನ್ನ."

ಮದುವೆ ಹೊಳಲ್ಕೆರೆಯಲ್ಲಿ ಆಯಿತು. ನಾನೂ ನಿರ್ದೇಶಕರೂ ಹೋಗಿದ್ದೆವು. ಹುಡುಗನ ಚಿಕ್ಕಪ್ಪ ಬಂದಿದ್ದರು, ಹೊಸ ಪಂಚೆ ಉಟ್ಟು, ಅಕ್ಷತೆ ಹಿಡಿದು. ಅವರ ಎಡಕ್ಕೊಬ್ಬ ಬಲಕ್ಕೊಬ್ಬ ಪೊಲೀಸಿನವನು. ಎಲ್ಲಿ ಹೋದರೂ ಜೊತೆಗೆ, ಕೈತೊಳೆಯಲು ಹೋದರೂ ಜೊತೆಗೆ. ಬ್ಯಾಂಕಣ್ಣ ಆ ಪೊಲೀಸಿನವರಿಬ್ಬರನ್ನೂ ಮೊದಲ ಪಂಕ್ತಿಯಲ್ಲೇ ಕೂರಿಸಿ, ಎಲೆಗೆ ತಾವೇ ತುಪ್ಪ ಬಡಿಸಿದರು. ಒಬ್ಬನ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಬೆರಗಿನಿಂದ ಬಾಯಿ ತೆರೆದು ನೋಡುತ್ತಿದ್ದರು. "ಮಂತ್ರಿ ಮನೆ ಮದುವೇಲೂ ಇಂಥ ಬಂದೋಬಸ್ತ್ ನಾನು ಕಂಡಿಲ್ಲ. ಏನ್ರಪ್ಪಾ ಇದು, ಪೊಲೀಸ್ರು?" ಅಂದರು.

ಹುಡುಗನ ಅಪ್ಪ ಹೋಳಿಗೆಯ ತಟ್ಟೆ ಹಿಡಿದು ಅದೇ ಸಾಲಿನಲ್ಲಿ ಬರುತ್ತಿದ್ದರು. ಅವರು ಒಂದಿಷ್ಟೂ ಅಳುಕದೆ, ಹಿರಿಯರ ಎಲೆಗೆ ಎರಡು ಹೋಳಿಗೆ ಹಾಕಿ, ಎದೆ ಉಬ್ಬಿಸಿ ಹೇಳಿದರು:

"ನಮ್ ತಮ್ಮ ಮಿಲ್ಟ್ರಿಯಿಂದ ಬಂದೌನಲ್ಲ. ಬಾಳ ದೊಡ್ಡ ಪೋಸ್ಟು ಅವಂದು. ಸರ್ಕಾರ ಒಬ್ನೇ ಓಡಾಡಾಕೆ ಬಿಡಾದೇ ಇಲ್ಲ."